ಕೂಸೇ, ಆ ಎರಡು ಪುಟದ ಬಗ್ಗೆ

ಕೂಸೇ,

ನಿನ್ನೆ ರಾತ್ರಿ ನೀನು ಕೋಣೆ ಬಾಗಿಲು ಹಾಕಿಕೊಂಡ ಮೇಲೆ ನಾನೂ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ, ನಿನಗೆ ಕೇಳಿರಬೇಕು. ಬಾಯಿ ತೆರೆದರೆ ಇಬ್ಬರಿಗೂ ಜಗಳವೇ. ಅದಕ್ಕೇ ಬರೆಯುತ್ತಿದ್ದೇನೆ.

"ಶಾಲೆಯ ನಿಯಮ ಬೇಡ ಅಂತ ಬಿಡಿಸಿದ್ದೂ ನೀವೇ, ಈಗ ಮನೆಶಾಲೆಗೆ ಎರಡು ಪುಟ ನಿಯಮ ತಂದಿದ್ದೂ ನೀವೇ" ಅಂದೆಯಲ್ಲ, ಚುಚ್ಚಿತು. ಯಾಕೆಂದರೆ ನಾನು ಅದನ್ನು ಓದದೇ ಸಹಿ ಹಾಕಿದ್ದೆ. ಶಿರಸಿ ಬಸ್ಸು ಬಂದುಬಿಟ್ಟಿತ್ತು, ಪೆನ್ನು ಬೇರೆ ಯಾರದ್ದೋ, ಸುಮ್ನೆ ಗೀಚಿ ಓಡಿದೆ. ನಿನ್ನೆ ನೀನು ಮಲಗಿದ ಮೇಲೆ ಕೂತು ಓದಿದೆ.

ಬರದಿದ್ದರೆ ಬೆಳಿಗ್ಗೆ ಎಂಟರೊಳಗೆ ಹೇಳಬೇಕು ಅನ್ನೋದು ಸರಿಯಾಗೇ ಇದೆ. ಮನೆಶಾಲೆ ನಡೆಯುವ ಮನೆಯ ಅಜ್ಜಿ ತಲೆ ಎಣಿಸಿ ಅಕ್ಕಿ ಹಾಕುತ್ತಾರೆ. ಹೋದ ಸೋಮವಾರ ನೀವು ಮೂವರು ಹೇಳದೇ ತಪ್ಪಿಸಿದಿರಿ, ಉಳಿದ ಅನ್ನ, ಒಂದೆಲಗದ ತಂಬುಳಿ ರಾತ್ರಿ ಅವರೇ ಉಂಡರಂತೆ. ಬೈಯಲಿಲ್ಲ. "ಅಡ್ಡಿಲ್ಲೆ" ಅಂದರು ಅಷ್ಟೇ, ಅವರ ಅಡ್ಡಿಲ್ಲೆ ಯಾವ ಥರದ್ದು ಅಂತ ನಿನಗೆ ಗೊತ್ತಲ್ಲ. ಹನ್ನೊಂದು ಮಕ್ಕಳಿಗೆ ಜಗುಲಿ ಬಿಟ್ಟುಕೊಟ್ಟಿದ್ದಾರೆ, ಬಾಡಿಗೆ ಕೇಳಿಲ್ಲ. ಉಂಡ ತಟ್ಟೆ ತೊಳೆಯುವುದು, ಫೋನ್ ಬುಟ್ಟಿಗೆ ಹಾಕುವುದು, ಇದಕ್ಕೆಲ್ಲ ನಾನು ವಾದ ಮಾಡುವುದಿಲ್ಲ.

ಇನ್ನು ಶಾರ್ಟ್ಸ್. ಬೇಡ ಅನ್ನಲು ಕೊಟ್ಟ ಕಾರಣ ಉಂಬಳ, ಅದೇ ಜಿಗಣೆ! ಓದಿ ನಗು ಬಂತು. ಉದ್ದ ಪ್ಯಾಂಟ್ ಹಾಕಿದರೆ ಉಂಬಳ ಒಳಗೇ ಹತ್ತಿ ಕೂತು ಹೊಟ್ಟೆ ತುಂಬಿ ಉದುರುವ ತನಕ ಗೊತ್ತೇ ಆಗುವುದಿಲ್ಲ, ಬರಿಗಾಲಾದರೆ ಕಾಣುತ್ತದೆ, ಸುಣ್ಣ ಮುಟ್ಟಿಸಿ ಬಿಡಿಸಬಹುದು. ನಿಜ ಏನೆಂದರೆ ಅಜ್ಜಿಗೆ ಹಿಡಿಸುವುದಿಲ್ಲ. ಹಾಗಂತಲೇ ಬರೆದಿದ್ದರೆ ಚೆನ್ನಾಗಿತ್ತು. ಅವರ ಮನೆ, ಅವರ ವಯಸ್ಸು, ವಾರಕ್ಕೆ ಎರಡು ದಿನ, ಅಷ್ಟಕ್ಕೆ ಪ್ಯಾಂಟ್ ಹಾಕಿಕೋ. ಗಂಡುಮಕ್ಕಳೂ ಹಾಕಲಿ.

ನೀನು ತುಳಸಿ ಗೌಡರನ್ನು ಎಳೆದು ತಂದೆ. ನಮ್ಮ ಅಂಕೋಲಾ ಕಡೆಯ ಹೊನ್ನಳ್ಳಿಯವರು 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಗೊಂಡರು, ಅವರಿಗೆ ಯಾರು ಡ್ರೆಸ್ ಕೋಡ್ ಹೇಳಿದರು ಅಂತ. ಒಂದು ನಿಮಿಷ ನನಗೆ ಉತ್ತರ ಹೊಳೆಯಲಿಲ್ಲ. ಆದರೆ ಅವರು ಯಾರ ಮೇಲಿನ ಸಿಟ್ಟಿಗೂ ಹಾಗೆ ಹೋದದ್ದಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಮಾಡುವಾಗಲೂ ಅವರ ಉಡುಗೆ ಅದೇ ಆಗಿತ್ತು, ಹಾಲಕ್ಕಿ ಬುಡಕಟ್ಟಿನ ಹೆಂಗಸರ ಸೀರೆ, ಕೊರಳ ತುಂಬ ಮಣಿಸರ. ನೀನು ಮನೆಯಲ್ಲೇ ಆ ಶಾರ್ಟ್ಸ್ ಹಾಕುವುದು ಅಪರೂಪ. ಗುರುವಾರ ಅಜ್ಜಿ ಮನೆಗೆ ಹಾಕಿಕೊಂಡು ಹೋದದ್ದು ನನ್ನ ಮೇಲಿನ ಸಿಟ್ಟಿಗೆ, ಹೌದೋ ಅಲ್ವೋ?

ಎರಡನೇ ಪುಟ ಮಾತ್ರ ನನಗೂ ಆಗುವುದಿಲ್ಲ. ಹುಡುಗಿಯರು ವೇಲ್ ಹಾಕಬೇಕು, ಕೂದಲು ಬಿಚ್ಚಬಾರದು, ಜೋರಾಗಿ ನಗಬಾರದು, ಹೀಗೇ ಐದು ಸಾಲು. ಗಂಡುಮಕ್ಕಳಿಗೆ ಒಂದೇ ಸಾಲು, ಬಟ್ಟೆ ಸ್ವಚ್ಛ ಇರಲಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಮಳೆಗಾಲ ಕಪ್ಪು ರಿಬ್ಬನ್ ಒಣಗಲಿಲ್ಲ ಅಂತ ನೀಲಿ ಕಟ್ಟಿಕೊಂಡು ಹೋಗಿದ್ದೆ. ಎರಡು ಪಿರಿಯಡ್ ಹೊರಗೆ ನಿಲ್ಲಿಸಿದರು. ಒಳಗೆ ಚಕ್ರಬಡ್ಡಿ ಲೆಕ್ಕ ನಡೆದಿತ್ತು. ಇವತ್ತಿಗೂ ನನಗೆ ಅದು ಬರುವುದಿಲ್ಲ, ಬೇಕಾದರೆ ಅಪ್ಪನ ಹತ್ತಿರ ಕೇಳು.

ಮುಂದಿನ ವರ್ಷ ನಿನಗೆ 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್‌ನಲ್ಲಿ ಹತ್ತನೇ ಪರೀಕ್ಷೆಗೆ ಹೆಸರು ಕೊಡುತ್ತೇವೆ. ಐದು ವಿಷಯ ಪಾಸಾಗಬೇಕು, ಅದಕ್ಕೆ ಐದು ವರ್ಷದಲ್ಲಿ ಒಂಬತ್ತು ಅವಕಾಶ. ವೇಲ್ ಹಾಕಿ ಅಂತ ಅಲ್ಲಿಂದ ಯಾರೂ ಬರೆದು ಕಳಿಸಿಲ್ಲ. ಈ ಎರಡು ಪುಟ ನಾವೇ ಆರು ಮನೆಯವರು ಮಾಡಿಕೊಂಡದ್ದು, ಹೊಡೆದು ಹಾಕುವುದಿದ್ದರೂ ನಾವೇ.

ಸೋಮವಾರ ಪಾಲಕರು ಸೇರುತ್ತೇವೆ. ನಾನು ಮಾತಾಡುತ್ತೇನೆ, ನೀನೂ ಬಂದು ಕೂತುಕೋ. ಓದದೇ ಸಹಿ ಹಾಕಿದ್ದನ್ನೂ ಅಲ್ಲೇ ಹೇಳುತ್ತೇನೆ. ಅದಕ್ಕೂ ಮೊದಲು ಅಜ್ಜಿ ಹತ್ತಿರ ಹೋಗಿ ಅನ್ನದ ವಿಷಯಕ್ಕೆ ತಪ್ಪಾಯಿತು ಅನ್ನು, ಅದನ್ನು ನಿನ್ನ ಪರವಾಗಿ ನಾನು ಹೇಳಲಿಕ್ಕಾಗುವುದಿಲ್ಲ.

ನಿನ್ನ ಪ್ಯಾಂಟ್ ಒಲೆ ಮೇಲಿನ ಹಗ್ಗದಲ್ಲಿದೆ. ಹೊಗೆ ವಾಸನೆ ಸ್ವಲ್ಪ ಜಾಸ್ತಿ.

ಆಯಿ