ಓಶಿಮಾಕ್ಕೆ ಹೋಗಿ ಬಂದ ರಾತ್ರಿ

ತಕಮತ್ಸು, ಜಪಾನ್,
ಭಾನುವಾರ ರಾತ್ರಿ

ಮುದ್ದಿನ ಪುಟ್ಟಿ,

ಸಂಜೆ ಫೋನಿನಲ್ಲಿ "ಅಪ್ಪಾ, ಇವತ್ತು ಯಾವ ದ್ವೀಪಕ್ಕೆ ಹೋಗಿದ್ದೆ? ಒಂದು ಫೋಟೋನೂ ಕಳಿಸಿಲ್ಲ" ಅಂತ ಕೇಳಿದೆಯಲ್ಲ, ಆಗ ಮಾತೇ ಹೊರಡಲಿಲ್ಲ. ಅದಕ್ಕೇ ಬರೆಯಲು ಕೂತೆ.

ಇಲ್ಲಿನ ಬಂದರಿನಿಂದ ಸೆಟೊ ಒಳಸಮುದ್ರದ ಬೇರೆ ಬೇರೆ ದ್ವೀಪಗಳಿಗೆ ಫೆರಿಗಳು ಹೊರಡುತ್ತವೆ. ಪ್ರವಾಸಿಗರೆಲ್ಲ ನಾವೊಶಿಮಾದ ದೊಡ್ಡ ಫೆರಿಗೆ ಸಾಲು ಹಚ್ಚುತ್ತಾರೆ. ನಾನು ಹತ್ತಿದ್ದು ಓಶಿಮಾದ ಸಣ್ಣ ಹಡಗು. ಟಿಕೆಟ್ಟಿಲ್ಲ, ಪುಕ್ಕಟೆ. ಅರ್ಧ ಗಂಟೆಯ ದಾರಿ. ಕೆರೆಯ ನೀರಿನ ಹಾಗೆ ಮಲಗಿದ ಸಮುದ್ರ. ಎರಡು ಪುಟ್ಟ ಗುಡ್ಡ, ನಡುವೆ ಮರಳಿನ ಪಟ್ಟಿ, ಹಳೇ ಪೈನ್ ಮರಗಳು, ದ್ವೀಪವೆಂದರೆ ಅಷ್ಟೇ.

ಹಡಗು ಇಳಿದು ನಡೆಯುತ್ತಿದ್ದಂತೆ ಎಲ್ಲಿಂದಲೋ ಸಂಗೀತ ಕೇಳಿಸಿತು. ದಾರಿ ಕೂಡುವಲ್ಲಿ ಒಂದು ಧ್ವನಿವರ್ಧಕ, ಅದರಿಂದ ಮೆಲ್ಲಗೆ ಒಂದು ರಾಗ. ಮುಂದೆ ಹೋದರೆ ಮತ್ತೊಂದು. ರಸ್ತೆಯ ಮೇಲೆ ಬಿಳಿ ಗೆರೆ ಎಳೆದಿದ್ದರು. ಕಣ್ಣು ಕಳೆದುಕೊಂಡವರು ರಾಗ ಕೇಳಿ ತಾವೆಲ್ಲಿದ್ದೇವೆಂದು ತಿಳಿಯಲಿ, ಕಣ್ಣು ಮಂಜಾದವರು ಬಿಳಿ ಗೆರೆ ಹಿಡಿದು ನಡೆಯಲಿ ಅಂತ ಈ ಏರ್ಪಾಡು.

ಪುಟ್ಟಿ, ಓಶಿಮಾ ಅಂದರೆ ಕುಷ್ಠರೋಗಿಗಳನ್ನು ತಂದು ಕೂಡಿಹಾಕಿದ ದ್ವೀಪ. 1909ರಲ್ಲಿ ಇಲ್ಲಿ ಆಸ್ಪತ್ರೆ ಆಯಿತು. ಹೆಸರಿಗೆ ಆಸ್ಪತ್ರೆ, ಒಳಗೆ ಬಂದವರು ಮನೆಗೆ ಮರಳುವ ಆಸೆ ಬಿಡಬೇಕಿತ್ತು. ಮನೆಯವರ ಮಾನಕ್ಕೆ ಕುಂದು ಬಾರದಿರಲೆಂದು ಎಷ್ಟೋ ಜನ ಹುಟ್ಟಿದಾಗಿನ ಹೆಸರು ಬಿಟ್ಟು ಬೇರೆ ಹೆಸರಿಟ್ಟುಕೊಂಡರು. ಮದುವೆಯಾಗಬಹುದಿತ್ತು, ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. 1940ರ ದಶಕದಲ್ಲಿ ಔಷಧಿ ಬಂತು, ರೋಗ ವಾಸಿಯಾಗತೊಡಗಿತು. ಆದರೂ 1953ರಲ್ಲಿ ಹೊಸ ಕಾಯಿದೆ ಮಾಡಿ ಮತ್ತೆ ಅದೇ ಬಂಧನ ಮುಂದುವರಿಸಿದರು. ಅದನ್ನು ತೆಗೆದದ್ದು 1996ರಲ್ಲಿ! 2001ರಲ್ಲಿ ಕುಮಾಮೊಟೊ ನ್ಯಾಯಾಲಯ ಸರ್ಕಾರದ್ದೇ ತಪ್ಪು ಅಂತ ತೀರ್ಪು ಕೊಟ್ಟಿತು, ಸರ್ಕಾರ ಮೇಲ್ಮನವಿ ಹೋಗಲಿಲ್ಲ. ಅಷ್ಟರಲ್ಲಿ ಅವರೆಲ್ಲ ಮುದುಕರಾಗಿದ್ದರು. ಹೋಗಲು ಮನೆಯಾದರೂ ಎಲ್ಲಿ ಉಳಿದಿತ್ತು? ಒಂದು ಕಾಲಕ್ಕೆ ಏಳುನೂರಕ್ಕೂ ಹೆಚ್ಚು ಜನರಿದ್ದ ಕಡೆ ಈಗ ಉಳಿದವರು ಕೆಲವೇ ಮಂದಿ, ಎಲ್ಲರೂ ವಯಸ್ಸಾದವರು, ರೋಗ ವಾಸಿಯಾಗಿ ದಶಕಗಳೇ ಕಳೆದವರು.

ನೀನು ವೈದ್ಯಕೀಯ ಓದುತ್ತಿದ್ದೀಯ, ಅದಕ್ಕೇ ಇದನ್ನು ಹೇಳಲೇಬೇಕು. ಅಲ್ಲೊಂದು ಸಿಮೆಂಟಿನ ಮೇಜಿದೆ. ಶವ ಕೊಯ್ಯುವ ಮೇಜು. ಯಾವಾಗಲೋ ಸಮುದ್ರಕ್ಕೆ ಎಸೆದದ್ದನ್ನು 2010ರಲ್ಲಿ, ಈ ದ್ವೀಪಗಳಲ್ಲಿ ನಡೆದ ಕಲಾ ಉತ್ಸವದ ಹೊತ್ತಿಗೆ, ಮೇಲೆತ್ತಿ ಇಟ್ಟಿದ್ದಾರೆ. ಅಂಚುಗಳು ಸವೆದು ಒಡೆದಿವೆ, ಮೈಯೆಲ್ಲ ಉಪ್ಪುನೀರು ತಿಂದ ಗುರುತು. ಸತ್ತ ಮೇಲೆ ನನ್ನ ದೇಹ ಕೊಯ್ಯಬಹುದು ಅಂತ ಒಳಗೆ ಬರುವಾಗಲೇ ರೋಗಿಗಳಿಂದ ಬರೆಸಿಕೊಳ್ಳುತ್ತಿದ್ದರಂತೆ. ವಾಸಿ ಮಾಡಿಕೊಳ್ಳಲು ಬಂದವನ ಕೈಗೆ ಮೊದಲು ಆ ಕಾಗದ. ನಾಳೆ ನೀನು ಯಾರದಾದರೂ ಸಹಿ ತೆಗೆದುಕೊಳ್ಳುವಾಗ ಅವರ ಮುಖ ನೋಡು, ಮಗಳೇ.

ಗುಡ್ಡದ ಮೇಲೆ ಅಸ್ಥಿ ಇಡುವ ಮನೆಯಿದೆ. ಸತ್ತ ಮೇಲೂ ಎಷ್ಟೋ ಮನೆಯವರು ಬೂದಿಯನ್ನು ಒಯ್ಯಲಿಲ್ಲ. ಅಲ್ಲಿ ನಿಂತಾಗಲೇ ನನಗೆ ನಮ್ಮೂರು ನೆನಪಾದದ್ದು.

ನಿನಗೆ ಯಾರೂ ಹೇಳಿಲ್ಲ, ಅಜ್ಜಿಗೆ ಒಬ್ಬ ಅಣ್ಣ ಇದ್ದ. ಅವನಿಗೆ "ದೊಡ್ಡ ರೋಗ" ಅಂತಿದ್ದರು. ಕುಷ್ಠ ಅನ್ನುವ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಊರಾಚೆ ಹಳ್ಳದ ದಂಡೆಗೆ ಒಂದು ಗುಡಿಸಲು. ನಾನಾಗ ಆರೇಳು ವರ್ಷದವನು. ಅವ್ವ ಎರಡು ರೊಟ್ಟಿ, ಮೇಲೆ ಪುಂಡಿಪಲ್ಯ, ಬಟ್ಟೆಯಲ್ಲಿ ಕಟ್ಟಿ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಹಳ್ಳದ ಈಚೆ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ಗಂಟು ಇಟ್ಟು "ಅಣ್ಣಾ" ಅಂತ ಒಂದು ಸಲ ಕೂಗಿ, ನನ್ನ ಕೈ ಹಿಡಿದು ಹಿಂದಕ್ಕೆ ಹೊರಡುತ್ತಿದ್ದಳು. ತಿರುಗಿ ನೋಡಬೇಡ ಅನ್ನುತ್ತಿದ್ದಳು. ನಾನೊಮ್ಮೆ ನೋಡಿದೆ. ಅವನು ಕಲ್ಲಿನ ಹತ್ತಿರ ನಿಂತು ಎರಡೂ ಕೈ ಎತ್ತಿ ನಮಗೆ ನಮಸ್ಕಾರ ಮಾಡುತ್ತಿದ್ದ. ತಂಗಿಗೆ.

ಒಂದು ಮಳೆಗಾಲ ಆದಮೇಲೆ ನಾವು ಹೋಗುವುದು ನಿಂತಿತು. ಯಾಕೆ ಅಂತ ನಾನು ಕೇಳಲಿಲ್ಲ. ನಮ್ಮಲ್ಲೂ 1898ರ ಕುಷ್ಠರೋಗಿಗಳ ಕಾಯಿದೆ ತೀರಾ 2016ರವರೆಗೆ ಪುಸ್ತಕದಲ್ಲಿತ್ತು ಅಂತ ಓದಿದ್ದೇನೆ. ಆದರೆ ಆ ಕಲ್ಲನ್ನು ಅಲ್ಲಿಟ್ಟದ್ದು ಕಾಯಿದೆಯಲ್ಲ, ನಾವು.

ಓಶಿಮಾದ ಗುಡ್ಡದಲ್ಲಿ ಒಂದು ದಾರಿಯುದ್ದಕ್ಕೂ ಪುಟ್ಟ ಕಲ್ಲಿನ ಬುದ್ಧರಿದ್ದಾರೆ. ತಕಮತ್ಸು ಇರುವ ದೊಡ್ಡ ದ್ವೀಪ ಶಿಕೋಕುವಿನಲ್ಲಿ 88 ದೇವಸ್ಥಾನಗಳ ಯಾತ್ರೆ ಇದೆ, ಹಿಂದೆಲ್ಲ ಮನೆಯಿಂದ ಹೊರಬಿದ್ದ ರೋಗಿಗಳು ಆ ದಾರಿಯಲ್ಲೇ ತಿರುಗುತ್ತಿದ್ದರು. ದ್ವೀಪ ಬಿಡಲಾಗದವರಿಗಾಗಿ ಆ ಯಾತ್ರೆಯನ್ನೇ ಪುಟ್ಟದಾಗಿ ಇಲ್ಲಿ ಮಾಡಿದ್ದಾರೆ. ಒಂದೊಂದರ ಮುಂದೂ ನಿಂತೆ. ಕೈಮುಗಿಯಲು ಹೋದರೆ ಅಜ್ಜಿಯ ಅಣ್ಣನ ಹೆಸರು ನನಗೆ ಗೊತ್ತಿಲ್ಲ ಅಂತ ಆಗ ಹೊಳೆಯಿತು. ಅವ್ವ ಅಣ್ಣಾ ಅನ್ನುತ್ತಿದ್ದಳು, ನನಗೆ ಯಾರೂ ಮಾವ ಅನ್ನು ಅಂತಲೂ ಹೇಳಿಕೊಡಲಿಲ್ಲ.

ಹಬ್ಬಕ್ಕೆ ಊರಿಗೆ ಹೋಗುತ್ತೀಯಲ್ಲ, ಅಜ್ಜಿ ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯಲ್ಲಿ ಒಬ್ಬಳೇ ಕೂತಾಗ ಪಕ್ಕ ಕೂತು ಕೇಳು. ನಾನು ಕೇಳಿದರೆ ಮಾತು ಮರೆಸುತ್ತಾಳೆ, ನಿನಗಾದರೆ ಹೇಳಿಯಾಳು. ಹೆಸರು ತಿಳಿದ ಕೂಡಲೇ ಫೋನ್ ಮಾಡು, ಇಲ್ಲಿ ನಡುರಾತ್ರಿಯಾಗಿದ್ದರೂ ಸರಿ.

ನಿನ್ನ,
ಅಪ್ಪ