ಟಿ.ಸಿ. ಕೈಗೆ ಬರುವ ಮೊದಲೇ ಕ್ರೆಡಿಟ್ ಲೆಕ್ಕ ಆಗಲಿ

ಮಾನ್ಯ ಸಂಪಾದಕರೇ,

ಪದವಿಯ ನಡುವೆ ವಿಶ್ವವಿದ್ಯಾಲಯ ಬದಲಿಸಲು ಬರುವ ವಿದ್ಯಾರ್ಥಿಗಳು ಈಗ ಮೊಬೈಲ್ ತೆಗೆದು ಡಿಜಿಲಾಕರ್ ತೋರಿಸುತ್ತಾರೆ. ಪಾಸಾದ ಪೇಪರುಗಳಿಗೆ ಸಿಗುವ ಕ್ರೆಡಿಟ್ ನಲವತ್ತು ಜಮೆಯಾಗಿದೆಯಲ್ಲ, ಇನ್ನೇನು ಅಡ್ಡಿ ಎಂಬುದು ಅವರ ಪ್ರಶ್ನೆ. ಈ ಕ್ರೆಡಿಟ್‌ಗಳನ್ನು ಕೂಡಿಡುವ ಆನ್‌ಲೈನ್ ವ್ಯವಸ್ಥೆಗೆ ಇಟ್ಟಿರುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಎಬಿಸಿ) ಎಂಬ ಹೆಸರೇ ಹೀಗೆ ದಾರಿ ತಪ್ಪಿಸುತ್ತದೆ. ಬ್ಯಾಂಕಿನ ದುಡ್ಡು ಯಾವ ಅಂಗಡಿಯಲ್ಲಾದರೂ ನಡೆಯುತ್ತದೆ. ಈ ಕ್ರೆಡಿಟ್ ನಡೆಯುವುದಿಲ್ಲ. ಯಾವ ಪೇಪರಿಗೆ ಯಾವುದು ಸಮ ಎಂದು ಹೇಳಬೇಕಾದದ್ದು ಹೊಸ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ. ಆ ಮಾತು ಹೊರಡುವಷ್ಟರಲ್ಲಿ ಬಹಳ ಮಂದಿ ಹಳೆಯ ಕಾಲೇಜಿನಿಂದ ವರ್ಗಾವಣೆ ಪತ್ರ (ಟಿ.ಸಿ.) ತೆಗೆದುಕೊಂಡು, ಅಲ್ಲಿದ್ದ ಸೀಟನ್ನೂ ಕಳೆದುಕೊಂಡಿರುತ್ತಾರೆ. ನಮ್ಮ ತಕರಾರು ಈ ಹಿಂದುಮುಂದಾದ ಕ್ರಮದ ಬಗ್ಗೆಯೇ. (ಇಲ್ಲಿ ಹೇಳುತ್ತಿರುವುದು ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಮಾತು. ಎಂಜಿನಿಯರಿಂಗ್, ಕಾನೂನು, ನರ್ಸಿಂಗ್‌ಗೆ ಅವುಗಳದೇ ನಿಯಮಗಳಿವೆ.)

ಇದು ದೂರದೂರಿಗೆ ಹೋಗುವವರ ಸಮಸ್ಯೆ ಮಾತ್ರವಲ್ಲ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಪಾಲಾಯಿತು. ಅದಕ್ಕೂ ಮೊದಲು ಕೋಲಾರದ ಕಾಲೇಜಿನಿಂದ ಬೆಂಗಳೂರಿನ ಕಾಲೇಜಿಗೆ ಬಂದರೆ ಕಾಲೇಜು ಮಾತ್ರ ಬದಲಾಗುತ್ತಿತ್ತು. ಈಗ ವಿಶ್ವವಿದ್ಯಾಲಯವೇ ಬದಲಾಗುತ್ತದೆ, ಮೈಗ್ರೇಷನ್ ಸರ್ಟಿಫಿಕೇಟ್ ಬೇಕಾಗುತ್ತದೆ. ಬಸ್ಸಿನ ಹಾದಿ ಅದೇ, ಕಾಗದದ ಹಾದಿ ಮಾತ್ರ ಉದ್ದವಾಗಿದೆ.

ವಿದ್ಯಾರ್ಥಿಗಳು ಮೊದಲು ನೋಡಬೇಕಾದದ್ದು ಶೇ 50ರ ಮಿತಿಯನ್ನು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ಎಬಿಸಿ ನಿಯಮಾವಳಿಯಂತೆ, ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು. ಮೂರು ವರ್ಷದ ಪದವಿಗೆ 120 ಕ್ರೆಡಿಟ್, ವರ್ಷಕ್ಕೆ 40 ಎಂದು ಹಿಡಿಯೋಣ. ಎರಡನೇ ಸೆಮಿಸ್ಟರ್ ಮುಗಿಸಿ ಹೊರಟವರ ಬಳಿ 40 ಇರುತ್ತದೆ. ಮುಂದೆ 80 ಹೊಸ ಕಡೆ ಗಳಿಸುತ್ತಾರೆ, ಚಿಂತೆಯಿಲ್ಲ. ನಾಲ್ಕನೇ ಸೆಮಿಸ್ಟರ್ ಮುಗಿಸಿ ಹೊರಟವರ ಬಳಿ 80 ಇರುತ್ತದೆ. ಅದರಲ್ಲಿ ಲೆಕ್ಕಕ್ಕೆ ಬರುವುದು ಹೆಚ್ಚೆಂದರೆ 60. ಉಳಿದ ಒಂದು ವರ್ಷದಲ್ಲಿ 40 ಗಳಿಸಿದರೂ ಒಟ್ಟು 100ಕ್ಕೆ ನಿಂತಿತು. ಇಪ್ಪತ್ತು ಕ್ರೆಡಿಟ್ ಎಂದರೆ ಇನ್ನೊಂದು ಇಡೀ ಸೆಮಿಸ್ಟರ್. ಕೊನೆಯ ವರ್ಷಕ್ಕೆ ಊರು ಬದಲಿಸುವವರು ಈ ಕೂಡಿಕಳೆಯುವಿಕೆಯನ್ನು ಮನೆಯಲ್ಲೇ ಮಾಡಿಕೊಂಡು, ತಮ್ಮ ವಿಷಯದಲ್ಲಿ ಯಾವ ನಿಯಮ ಅನ್ವಯಿಸುತ್ತದೆ ಎಂದು ಹೊಸ ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಯಿಂದ ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು. ಫೋನಿನಲ್ಲಿ ‘ಆಗುತ್ತೆ ಬನ್ನಿ’ ಎಂದವರು ಆಮೇಲೆ ಸಿಗುವುದಿಲ್ಲ.

ಇನ್ನು ಹೆಸರಿನ ತೊಡಕು. ಎಬಿಸಿ ಖಾತೆ ತೆರೆಯುವುದು ಆಧಾರ್‌ನಲ್ಲಿರುವ ಹೆಸರಿನಲ್ಲಿ. ಅಂಕ ಕಳುಹಿಸುವ ವಿಶ್ವವಿದ್ಯಾಲಯದ ಬಳಿ ಇರುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದ್ದ ಹೆಸರು. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಳ್ಳುವ ರೂಢಿ ಇಲ್ಲಿ ಪೆಟ್ಟು ಕೊಡುತ್ತದೆ: ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.’, ಆಧಾರ್‌ನಲ್ಲಿ ‘ಎಚ್. ಮಂಜುನಾಥ’, ಇನ್ನೆಲ್ಲೋ ‘ಮಂಜುನಾಥ ಹನುಮಂತಪ್ಪ’. ಮನುಷ್ಯನಿಗೆ ಮೂವರೂ ಒಬ್ಬರೇ, ಕಂಪ್ಯೂಟರಿಗೆ ಮೂರು ಜನ. ಹೆಸರು, ಹುಟ್ಟಿದ ದಿನಾಂಕ ಹೊಂದದಿದ್ದರೆ ಕ್ರೆಡಿಟ್ ಖಾತೆಗೆ ಬೀಳುವುದೇ ಇಲ್ಲ. ಸಾಮಾನ್ಯವಾಗಿ ಅಂಕಪಟ್ಟಿ ತಿದ್ದಿಸುವುದಕ್ಕಿಂತ ಅದಕ್ಕೆ ಹೊಂದುವಂತೆ ಆಧಾರ್ ತಿದ್ದಿಸುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ತಿದ್ದಲು ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಸೈಬರ್ ಸೆಂಟರಿನವರ ಕೈಗೆ ಬಿಟ್ಟು ಹೊರಗೆ ನಿಲ್ಲಬೇಡಿ, ಪಕ್ಕದಲ್ಲಿ ಕೂತು ಅಕ್ಷರ ಅಕ್ಷರ ನೋಡಿ.

ಖಾತೆ ತೆರೆಯುವಾಗ ಸಂಸ್ಥೆಯ ಹೆಸರು ಆರಿಸುವ ಕಡೆಯೂ ಎಡವುತ್ತಾರೆ. ಸಂಯೋಜಿತ ಕಾಲೇಜಿನವರು ಅಲ್ಲಿ ತಮ್ಮ ಕಾಲೇಜನ್ನು ಹುಡುಕುತ್ತಾ ಕೂರಬಾರದು, ವಿಶ್ವವಿದ್ಯಾಲಯವನ್ನು ಆರಿಸಬೇಕು. ಕ್ರೆಡಿಟ್ ಬಂದಿಲ್ಲವೆಂದು ಅಂಕಪಟ್ಟಿಯನ್ನು ವಿದ್ಯಾರ್ಥಿಯೇ ಎಬಿಸಿಗೆ ಕಳುಹಿಸಲು ಬರುವುದಿಲ್ಲ. ಅದು ಸಂಸ್ಥೆಯಿಂದಲೇ ಹೋಗಬೇಕು. ಹಾಗಾಗಿ ಹೊರಡುವ ಮುಂಚೆ ಪರೀಕ್ಷಾ ವಿಭಾಗಕ್ಕೆ ಹೋಗಿ ಪ್ರತಿ ಸೆಮಿಸ್ಟರಿನದೂ ಏರಿದೆಯೇ ಎಂದು ನೋಡಿಸಿಕೊಳ್ಳಿ. ಮರುಪರೀಕ್ಷೆಯಲ್ಲಿ ಪಾಸಾದ ಪೇಪರು ಅನೇಕ ಬಾರಿ ಬಿಟ್ಟುಹೋಗಿರುತ್ತದೆ. ಜಮೆಯಾದ ಕ್ರೆಡಿಟ್‌ಗೆ ಏಳು ವರ್ಷದ ಆಯಸ್ಸು. ಒಂದು ಪದವಿಗೆ ಬಳಸಿದ್ದನ್ನು ಇನ್ನೊಂದಕ್ಕೆ ಮತ್ತೆ ಬಳಸುವಂತಿಲ್ಲ.

ನಿಜವಾದ ಜಗ್ಗಾಟ ಇರುವುದು ಸಮಾನತೆಯಲ್ಲಿ, ಅಂದರೆ ಯಾವ ಪೇಪರಿಗೆ ಯಾವುದು ಸಮ ಎಂಬುದರಲ್ಲಿ. ಕರ್ನಾಟಕದಲ್ಲಿ ಇದು ಈಗ ಇನ್ನಷ್ಟು ಸಿಕ್ಕಾಗಿದೆ. 2021–22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಡಿ (ಎನ್‌ಇಪಿ) ಸೇರಿದ ವಿದ್ಯಾರ್ಥಿಗಳು ಮೊದಲೆರಡು ವರ್ಷ ಎರಡು ಮುಖ್ಯ ವಿಷಯ, ಜೊತೆಗೆ ಮುಕ್ತ ಆಯ್ಕೆ, ಕೌಶಲದ ಪೇಪರು ಓದಿದರು. 2024–25ರಿಂದ ರಾಜ್ಯ ಸರ್ಕಾರ ಮೂರು ಮೇಜರ್ ವಿಷಯಗಳ ಮೂರು ವರ್ಷದ ಪದವಿಗೆ ಮರಳಿತು. ಇತಿಹಾಸ, ಅರ್ಥಶಾಸ್ತ್ರ ಎರಡನ್ನೇ ಓದಿ, ಮನೆಯ ಕಷ್ಟಕ್ಕೆ ಒಂದೆರಡು ವರ್ಷ ಬಿಟ್ಟು, ಈಗ ಬೇರೆ ವಿಶ್ವವಿದ್ಯಾಲಯಕ್ಕೆ ಸೇರುವ ಹುಡುಗಿಗೆ ಮೂರನೆಯ ವಿಷಯದ ಹಿಂದಿನ ಪೇಪರುಗಳ ಗತಿಯೇನು? ಆಕೆಯ ಮುಕ್ತ ಆಯ್ಕೆಯ ಕ್ರೆಡಿಟ್ ಎಲ್ಲಿ ಕೂರುತ್ತದೆ? ಖಾತೆಯಲ್ಲಿ ಒಟ್ಟು ಸರಿಯಿದ್ದರೂ ಖಾನೆಗಳು ಹೊಂದುವುದಿಲ್ಲ.

ಪೇಪರಿನ ಶೀರ್ಷಿಕೆ ಒಂದೇ ಆದ ಮಾತ್ರಕ್ಕೂ ಆಗುವುದಿಲ್ಲ. ಥಿಯರಿಯಲ್ಲಿ ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 15 ಗಂಟೆ ಪಾಠ. ಲ್ಯಾಬಿನಲ್ಲಿ ಅದೇ ಒಂದು ಕ್ರೆಡಿಟ್‌ಗೆ 30 ಗಂಟೆ. ಒಂದು ಕಡೆ ನಾಲ್ಕು ಕ್ರೆಡಿಟ್ ಇದ್ದ ಪೇಪರು ಇನ್ನೊಂದು ಕಡೆ ಮೂರಕ್ಕಿಳಿದಿರಬಹುದು, ಪ್ರಾಯೋಗಿಕ ಭಾಗ ಬೇರೆ ಸೆಮಿಸ್ಟರಿಗೆ ಹೋಗಿರಬಹುದು. ಅಂಕದ ಮೇಲೂ ಇದರ ಪರಿಣಾಮ ಉಂಟು. 4 ಕ್ರೆಡಿಟ್‌ನ ಪೇಪರಿನಲ್ಲಿ ಗ್ರೇಡ್ ಪಾಯಿಂಟ್ 8, ಇನ್ನೊಂದು 4 ಕ್ರೆಡಿಟ್‌ನದರಲ್ಲಿ 6, 2 ಕ್ರೆಡಿಟ್‌ನ ಲ್ಯಾಬಿನಲ್ಲಿ 9 ಬಂದಿದ್ದರೆ 32, 24, 18 ಸೇರಿ 74. ಹತ್ತರಿಂದ ಭಾಗಿಸಿದರೆ 7.4. ಹೊಸ ಕಡೆ ಲ್ಯಾಬನ್ನು ಒಪ್ಪದಿದ್ದರೆ 56ನ್ನು ಎಂಟರಿಂದ ಭಾಗಿಸಬೇಕು, 7.0 ಆಯಿತು. ಏನನ್ನೂ ಫೇಲ್ ಆಗದೆ ಸರಾಸರಿ ಕುಸಿಯಿತು.

ಆದ್ದರಿಂದ ಅರ್ಜಿಯೊಂದಿಗೆ ಅಂಕಪಟ್ಟಿಯಷ್ಟೇ ಸಾಲದು. ತಾವು ಓದಿದ ವರ್ಷದ ಪಠ್ಯಕ್ರಮ, ಘಟಕವಾರು ಗಂಟೆಗಳ ಸಮೇತ, ಪುಟಪುಟಕ್ಕೂ ಸೀಲು, ಸಹಿಯೊಂದಿಗೆ ಬೇಕು. ಈಗ ಜಾಲತಾಣದಲ್ಲಿರುವ ಪಠ್ಯಕ್ರಮ ಮುದ್ರಿಸಿ ತಂದರೆ ಪೇಪರ್ ಕೋಡ್ ಅಂಕಪಟ್ಟಿಗೆ ತಾಳೆಯಾಗದೆ ಕಡತ ವಾಪಸಾಗುತ್ತದೆ. ಪಠ್ಯಕ್ರಮವನ್ನು ಕಾಲೇಜಿನಲ್ಲಿ ಇರುವಾಗಲೇ ಪ್ರಾಂಶುಪಾಲರಿಂದ ದೃಢೀಕರಿಸಿಕೊಂಡು ಎರಡು ಪ್ರತಿ ಇಟ್ಟುಕೊಳ್ಳಿ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ‘ಸ್ವಯಂ’ನ ಕೋರ್ಸುಗಳ ಕ್ರೆಡಿಟ್ ಇದ್ದರೆ, ಅದನ್ನು ಹಳೆಯ ವಿಶ್ವವಿದ್ಯಾಲಯ ಯಾವ ಪೇಪರಿಗೆ ಬದಲಾಗಿ ಒಪ್ಪಿತ್ತು ಎಂಬ ಪತ್ರವೂ ಜೊತೆಗಿರಲಿ.

ವಿಶ್ವವಿದ್ಯಾಲಯಗಳಿಂದ ನಾವು ಕೇಳುವುದು ದೊಡ್ಡದೇನಲ್ಲ. ಅರ್ಜಿ ತಲುಪಿದ 15 ದಿನದಲ್ಲಿ, ಟಿ.ಸಿ. ಕೇಳದೆ, ತಾತ್ಕಾಲಿಕ ಸಮಾನತಾ ಪತ್ರ ಕೊಡಲಿ: ಒಪ್ಪಿದ ಪೇಪರು ಇವು, ಒಪ್ಪದವು ಇವು, ಹೆಚ್ಚುವರಿಯಾಗಿ ಬರೆಯಬೇಕಾದವು ಇವು, ಬರೆಯಲು ಅವಕಾಶ ಯಾವ ಸೆಮಿಸ್ಟರಿನಲ್ಲಿ. ಅದನ್ನು ನೋಡಿಕೊಂಡು ಟಿ.ಸಿ., ಮೈಗ್ರೇಷನ್ ತೆಗೆಸುವುದೋ ಬಿಡುವುದೋ ವಿದ್ಯಾರ್ಥಿ ತೀರ್ಮಾನಿಸಲಿ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆಗೆಂದೇ ಯುಯುಸಿಎಂಎಸ್ ತಂತ್ರಾಂಶ ಇರುವಾಗ, ಕನಿಷ್ಠ ರಾಜ್ಯದೊಳಗಿನ ವರ್ಗಾವಣೆಗೆ ವಿದ್ಯಾರ್ಥಿಯ ಕೈಯಲ್ಲಿ ಕಡತ ಹೊರಿಸುವ ಅಗತ್ಯವಿಲ್ಲ. ಪ್ರತಿ ಬಾರಿ ಪಠ್ಯಕ್ರಮ ಬದಲಾದಾಗಲೂ ಹಳೆಯ ಪಿಡಿಎಫ್‌ಗಳನ್ನು ಜಾಲತಾಣದಿಂದ ಅಳಿಸುವುದನ್ನಂತೂ ಈ ತಿಂಗಳಿನಿಂದಲೇ ನಿಲ್ಲಿಸಬಹುದು. ಅದಕ್ಕೆ ಸಿಂಡಿಕೇಟ್ ಸಭೆಯೂ ಬೇಕಿಲ್ಲ.

— ಪದವಿ ಕಾಲೇಜುಗಳ ಪ್ರವೇಶ ಮತ್ತು ಪರೀಕ್ಷಾ ವಿಭಾಗದ ಕೆಲವು ಸಿಬ್ಬಂದಿ