ಬೋರ್ ಮಾಡಿಸಿದ ಗಾಡಿಯಲ್ಲಿ ಗೋಕರ್ಣಕ್ಕೆ

ಬಳ್ಳಾರಿ

ಚಿರಂಜೀವಿ ಮಂಜುನಾಥನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ನಿನ್ನ 2004ರ ಟಾಟಾ ಸಫಾರಿಯ ಇಂಜಿನ್ ಬೋರ್ ಮಾಡಿಸಿ, ಅಂದರೆ ಸವೆದ ಸಿಲಿಂಡರುಗಳನ್ನು ಕೊರೆಸಿ ಸರಿಮಾಡಿಸಿ, ಸಿರುಗುಪ್ಪಕ್ಕೆ ತಂದಿರುವುದಾಗಿಯೂ, ಬರುವ ಶುಕ್ರವಾರವೇ ಅಕ್ಕನನ್ನು ಕರೆದುಕೊಂಡು ಗೋಕರ್ಣಕ್ಕೆ ಹೊರಡುವುದಾಗಿಯೂ ನೀನು ಫೋನಿನಲ್ಲಿ ಹೇಳಿದಾಗ ಸಂತೋಷವಾಯಿತು. ಆದರೆ ಫೋನು ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಪ್ರಯಾಣವನ್ನು ಮೂರು ವಾರ ಮುಂದಕ್ಕೆ ಹಾಕು ಎಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಪತ್ರ. ಹೋಗಿ ಬರುವುದು 700 ಕಿಲೋಮೀಟರಿಗೂ ಮೀರಿದ ದಾರಿ, ನಿನ್ನ ಇಂಜಿನ್ನಾದರೋ ಇನ್ನೂ 100 ಕಿಲೋಮೀಟರನ್ನೂ ಕಂಡಿಲ್ಲ.

ಲೇತಿನಲ್ಲಿ ಕೆಲಸ ಮುಗಿದ ದಿನ ಬ್ಲಾಕನ್ನು ನಾವಿಬ್ಬರೂ ನೋಡಿದೆವಲ್ಲ, ಸಿಲಿಂಡರಿನ ಒಳಗೋಡೆಯ ಮೇಲೆ ಒಂದನ್ನೊಂದು ಅಡ್ಡ ಹಾಯ್ದ ಸಣ್ಣ ಗೀರುಗಳಿದ್ದವು. ಆಯಿಲ್ ನಿಲ್ಲುವುದು ಆ ಗೀರುಗಳಲ್ಲಿ. ಪಿಸ್ಟನ್ನಿನ ಸುತ್ತ ಕೂರಿಸಿದ ಹೊಸ ರಿಂಗುಗಳು ಸವೆದು ಹೊಂದಿಕೊಳ್ಳುವುದೂ ಆ ಗೀರುಗಳ ತುದಿಯ ಮೇಲೆಯೇ. ಉರಿದ ಗ್ಯಾಸಿನ ಒತ್ತಡವು ರಿಂಗಿನ ಹಿಂದೆ ಹೊಕ್ಕು ಅದನ್ನು ಗೋಡೆಗೆ ಒತ್ತಿದರೆ ಮಾತ್ರ ಈ ಕೆಲಸ ಆಗುತ್ತದೆ. ಹೀಗಾಗಿ ಹೊಸ ಬೋರಿನ ಗಾಡಿಯನ್ನು ಆಮೆಯಂತೆ ನಡೆಸಿದರೆ ಸಾಕು ಎಂಬ ಮಾತು ಸರಿಯಲ್ಲ. ಭಾರವೇ ಬೀಳದೆ ತೆವಳಿದರೂ, ಗಂಟೆಗಟ್ಟಲೆ ನಿಂತಲ್ಲೇ ಓಡಿಸಿದರೂ ಗೋಡೆ ಗಾಜಿನಂತೆ ನುಣುಪಾಗಿ, ಮುಂದೆ ಇಂಜಿನ್ ಆಯಿಲ್ ಕುಡಿಯುತ್ತಲೇ ಇರುತ್ತದೆ. ಹಾಗೆಂದು ಮೊದಲ ದಿನವೇ ಪೂರ್ತಿ ತುಳಿದರೆ ಬಿಸಿಗೆ ಪಿಸ್ಟನ್ನೇ ಹಿಡಿದುಕೊಂಡೀತು. ಮೂರನೆಯ, ನಾಲ್ಕನೆಯ ಗೇರಿನಲ್ಲಿ ಆಕ್ಸಲರೇಟರನ್ನು ಅರ್ಧದವರೆಗೆ ಒತ್ತಿ ವೇಗ ಏರಿಸು, ಬಿಡು, ಇಳಿಯಲಿ, ಮತ್ತೆ ಏರಿಸು. 3000 ಆರ್‌ಪಿಎಂ, ಅಂದರೆ ಇಂಜಿನ್ ನಿಮಿಷಕ್ಕೆ 3000 ಸುತ್ತು, ದಾಟಿಸಬೇಡ. ಒಂದೇ ವೇಗದಲ್ಲಿ ಎರಡು ಮೂರು ತಾಸು ಎಳೆಯುವ ಹೆದ್ದಾರಿ ಈ ಹೊತ್ತಿಗೆ ಹೇಳಿದ್ದಲ್ಲ ಎನ್ನುವುದು ಇದಕ್ಕೇ.

ಸಿರುಗುಪ್ಪದಿಂದ ನಮ್ಮ ಮನೆಗೆ ಬಂದು ಹೋದರೆ 100 ಕಿಲೋಮೀಟರು ದಾಟುತ್ತದೆ. ಈ ಮೂರು ವಾರದಲ್ಲಿ ಹತ್ತು ಸಲ ಬಾ, ನಿನ್ನ ಅತ್ತೆಗೂ ಸಂತೋಷ. ಒಮ್ಮೆ ಸಂಡೂರಿನ ಏರು ಹತ್ತಿಸೋಣ. 500 ಕಿಲೋಮೀಟರಿಗೆ ಆಯಿಲ್ ಮತ್ತು ಫಿಲ್ಟರು ಎರಡನ್ನೂ ಬದಲಿಸಬೇಕು. ಸದ್ಯಕ್ಕೆ ದುಬಾರಿ ಸಿಂಥೆಟಿಕ್ ಬೇಡ, ಮೇಸ್ತ್ರಿ ಹೇಳಿದ ಮಿನರಲ್ ಆಯಿಲ್ಲೇ ಸಾಕು. ಇಳಿಸಿದ ಆಯಿಲನ್ನು ಚೆಲ್ಲುವ ಮುಂಚೆ ಬಿಳಿ ತಟ್ಟೆಯಲ್ಲಿ ಒಂದಿಷ್ಟು ಹಿಡಿದು ಬಿಸಿಲಿಗೆ ಓರೆ ಮಾಡಿ ನೋಡು. ಬೆಳ್ಳಿಯ ಹುಡಿಯಂಥ ಸಣ್ಣ ಮಿನುಗು ಮೊದಲ ಸಲ ಇದ್ದೇ ಇರುತ್ತದೆ. ಉಗುರಿಗೆ ಸಿಗುವಂಥ ಚೂರು ಕಂಡರೆ, ಅಥವಾ ತಾಮ್ರದ ಬಣ್ಣ ಕಂಡರೆ, ಬೇರಿಂಗ್ ತಿನ್ನುತ್ತಿದೆ ಎಂದು ತಿಳಿದು ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡದೆ ಮೇಸ್ತ್ರಿಯನ್ನು ಕರೆಸು.

ಇನ್ನು ಟರ್ಬೊ, ಅಂದರೆ ಹೊಗೆಯ ರಭಸದಿಂದ ತಿರುಗಿ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ. ಅದರ ದಂಡ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ, ಮತ್ತು ಅದನ್ನು ಹೊತ್ತಿರುವುದು ಆಯಿಲಿನ ತೆಳು ಪದರ ಒಂದೇ. ನನ್ನ ಹಿಂದಿನ ಡೀಸೆಲ್ ಗಾಡಿಗೆ ಇಂಜಿನ್ ಕೆಲಸ ಮಾಡಿಸಿದಾಗ ಎಲ್ಲವನ್ನೂ ಹೊಸದು ಹಾಕಿಸಿ, ಟರ್ಬೊಗೆ ಆಯಿಲ್ ಒಯ್ಯುವ ಬೆರಳು ದಪ್ಪದ ಪೈಪು ಒಂದನ್ನು ಹಳೆಯದೇ ಇರಲಿ ಎಂದು ಬಿಟ್ಟೆ. ಅದರೊಳಗೆ ಇಂಗಾಲ ಕಟ್ಟಿ ಕಡ್ಡಿ ತೂರುವಷ್ಟು ಮಾತ್ರ ದಾರಿ ಉಳಿದಿತ್ತು. 200 ಕಿಲೋಮೀಟರಿನೊಳಗೆ ಸೀಟಿಯಂಥ ಸದ್ದು ಬಂದು, ಆಮೇಲೆ ನೀಲಿ ಹೊಗೆ ಬಂದು, ಟರ್ಬೊ ಹೋಯಿತು. ನಿನ್ನ ಗಾಡಿಯ ಆ ಪೈಪನ್ನು ಬದಲಿಸಿದ್ದಾರೆಯೇ, ಟರ್ಬೊದಿಂದ ಬರುವ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿನೊಳಗಿನ ಹಳೆಯ ಆಯಿಲನ್ನು ತೊಳೆದಿದ್ದಾರೆಯೇ ಎಂದು ನಾಳೆಯೇ ಕೇಳು. ಅಲ್ಲಿ ನಿಂತ ಆಯಿಲನ್ನು ಡೀಸೆಲ್ ಇಂಜಿನ್ ಎಳೆದುಕೊಂಡರೆ ಕೀಲಿ ತೆಗೆದರೂ ನಿಲ್ಲದೆ ತಾನೇ ತಾನಾಗಿ ಅಬ್ಬರಿಸುತ್ತದೆ. ಹಾಗೇನಾದರೂ ಆದರೆ ಗಾಬರಿಯಾಗದೆ ಗಾಡಿ ನಿಲ್ಲಿಸಿ, ಐದನೆಯ ಗೇರು ಹಾಕಿ, ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು ಕ್ಲಚ್ ಬಿಡು. ಇಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ.

ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ತುಳಿಯಬೇಡ, ನಿಲ್ಲಿಸುವ ಮುಂಚೆಯೂ ಎರಡು ನಿಮಿಷ ನಿಂತಲ್ಲೇ ಓಡಲಿ. ಕಾದ ಟರ್ಬೊವನ್ನು ತಟ್ಟನೆ ನಿಲ್ಲಿಸಿದರೆ ಅದರೊಳಗಿನ ಆಯಿಲ್ ಅಲ್ಲೇ ಸೀದು ಕರಿಯಾಗುತ್ತದೆ. ನನ್ನ ಪೈಪು ಕಟ್ಟಿದ್ದು ಹಾಗೆಯೇ.

ದಾರಿಯ ಬಗ್ಗೆ ಎರಡು ಮಾತು. ತೋರಣಗಲ್ಲಿನಿಂದ ಹೊಸಪೇಟೆಯವರೆಗೆ ಅದಿರಿನ ಲಾರಿಗಳ ಕೆಂಪು ಧೂಳು ಹೇಗಿರುತ್ತದೆಂದು ನಿನಗೆ ಗೊತ್ತು. ಏರ್ ಫಿಲ್ಟರು ಹೊಸದಿರಲಿ, ಅದರಿಂದ ಟರ್ಬೊಗೆ ಹೋಗುವ ಹೋಸಿನ ಕ್ಲಾಂಪುಗಳನ್ನು ಕೈಯಾರೆ ಬಿಗಿದು ನೋಡು. ಅಲ್ಲಿ ಬಿರುಕಿದ್ದರೆ ಆ ಧೂಳು ಹೊಸ ರಿಂಗುಗಳನ್ನು ಅರದಂತೆ ಉಜ್ಜುತ್ತದೆ. ಕೊಪ್ಪಳ, ಗದಗ, ಹುಬ್ಬಳ್ಳಿ ದಾಟುವವರೆಗೆ ಚಿಂತೆಯಿಲ್ಲ, ಈ ಬಿಸಿಲಿಗೆ ನಸುಕಿನಲ್ಲೇ ಹೊರಟರಾಯಿತು. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ. ಹೋಗುವಾಗ ಇಳಿಜಾರು, ಗೇರಿನಲ್ಲೇ ಇಳಿ, ನ್ಯೂಟ್ರಲ್ ಮಾಡಬೇಡ. ನಿಜವಾದ ಪರೀಕ್ಷೆ ಬರುವಾಗಿನ ಏರಿನಲ್ಲಿ. ಅಲ್ಲಿ ಮೇಲಿನ ಗೇರಿನಲ್ಲಿ ಇಂಜಿನ್ನನ್ನು ನರಳಿಸದೆ ಮೊದಲೇ ಗೇರು ಇಳಿಸು. ಟೆಂಪರೇಚರ್ ಮುಳ್ಳು ಮೇಲೆ ಹೊರಟರೆ ಏಸಿ ನಿಲ್ಲಿಸಿ ಹೀಟರ್ ಹಾಕು. ಅಕ್ಕನಿಗೆ ಸೆಕೆಯಾದರೂ ಸರಿ, ಇಂಜಿನ್ನಿನ ಬಿಸಿ ಅಷ್ಟು ಹೊರಗೆ ಬರುತ್ತದೆ. ಆಗಲೂ ಇಳಿಯದಿದ್ದರೆ ಬದಿಗೆ ನಿಲ್ಲಿಸು, ಆದರೆ ರೇಡಿಯೇಟರಿನ ಮುಚ್ಚಳಕ್ಕೆ ತಾಸಿನವರೆಗೆ ಕೈ ಹಚ್ಚಬೇಡ.

ಭಾನುವಾರ ಬೆಳಗ್ಗೆ ಗಾಡಿ ತೆಗೆದುಕೊಂಡು ಬಾ. ಸ್ಟಾರ್ಟ್ ಮಾಡುವ ಮುಂಚೆಯೇ ಅಲ್ಲಿ ಆಯಿಲಿನ ಕಡ್ಡಿ ಒರೆಸಿ, ಮಟ್ಟ ಎಲ್ಲಿದೆಯೆಂದು ಬರೆದಿಟ್ಟುಕೊಂಡು ಬಾ. ಇಲ್ಲಿಗೆ ಬಂದು ತಣ್ಣಗಾದ ಮೇಲೆ ಇನ್ನೊಮ್ಮೆ ನಾವಿಬ್ಬರೂ ನೋಡೋಣ. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಸೋದರಮಾವ